ಪಣಜಿಯಲ್ಲಿ ಸಂಜೆ ಬೋಟು: ಅವ್ವನನ್ನು ಕರೆದುಕೊಂಡು ಹೊರಟಿದ್ದೇವೆ, ಯಾವ ಹೊತ್ತಿನದು ಹಿಡಿಯಬೇಕು?

ಕಿನ್ನಾಳ ಗೊಂಬೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ಮನೆಮಂದಿಯೆಲ್ಲ ಗೋವಾಕ್ಕೆ ಹೊರಟಿದ್ದೇವೆ. ಅವ್ವ, ನಮ್ಮ ಯಜಮಾನರು, ಇಬ್ಬರು ಮಕ್ಕಳು, ನಾನು. ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಸಿಕ್ಕಿದೆ.

ಅವ್ವನಿಗೆ ಮೊಣಕಾಲು ನೋವು. ಬೀಚಿನ ಮರಳಲ್ಲಿ ಜಾಸ್ತಿ ನಡೆಯಲು ಆಗುವುದಿಲ್ಲ. ಆದರೆ ನೀರು ಅಂದ್ರೆ ಜೀವ ಬಿಡುತ್ತಾಳೆ. ಅವಳ ತವರು ಆನೆಗೊಂದಿ ಕಡೆ. ಹರಿಗೋಲಿನಲ್ಲಿ ಹೊಳೆ ದಾಟಿಯೇ ದೊಡ್ಡವಳಾದವಳು. ಪಣಜಿಯಲ್ಲಿ ಸಂಜೆ ಒಂದು ತಾಸು ನದಿ ಮೇಲೆ ಸುತ್ತಾಡಿಸುವ ಬೋಟು ಇದೆ, ಊರೆಲ್ಲ ದೀಪ ಹಚ್ಚಿಕೊಂಡು ನಿಂತಿರುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದೇ ತಡ, ಈಗ ದಿನಾ ಅದೇ ಮಾತು.

ಹೋಗಿ ಬಂದವರು ಹೇಳಿ. ಯಾವ ಹೊತ್ತಿನ ಬೋಟು ಒಳ್ಳೆಯದು? ವಯಸ್ಸಾದವರಿಗೆ ಹತ್ತಿ ಇಳಿಯಲು ತ್ರಾಸಾ? ಡಿಜೆ, ಡ್ಯಾನ್ಸು ಎಲ್ಲ ಇರುತ್ತಂತೆ, ಅವ್ವನಿಗೆ ಹಿಡಿಸುತ್ತದಾ? ಊಟದ ಸಮೇತ ಇರುವ ಬೋಟು ತಗೊಳ್ಳುವುದು ವಾಸಿಯಾ?

ಬಳ್ಳಾರಿ ಮಿರ್ಚಿ

ಕಣ್ಣು ಮುಚ್ಚಿ ಹೋಗಿ ಅಕ್ಕಾ. ಮಕ್ಕಳಂತೂ ಕುಣಿದು ಕುಣಿದು ಸುಸ್ತಾಗುತ್ತಾರೆ. ಹೊತ್ತಿನ ವಿಷಯ ನನಗಿಂತ ಸಂಡೂರಣ್ಣನಿಗೆ ಚೆನ್ನಾಗಿ ಗೊತ್ತು. ಅಣ್ಣಾ, ಇಲ್ಲಿ ಸ್ವಲ್ಪ ಬನ್ನಿ.

ಸಂಡೂರು ಕೆಂಪುಮಣ್ಣು

ಬಂದೆ. ಅಕ್ಕಾ, ಅದಿರಿನ ಕೆಲಸ ಹಿಡಿದು ಸಂಡೂರಿನಿಂದ ಗೋವಾಕ್ಕೆ ಹೋದವನು ನಾನು. ಕೆಲವು ವರ್ಷ ಪಣಜಿಯಲ್ಲೇ ಇದ್ದೆ. ಅದಿರು ತುಂಬಿದ ಬಾರ್ಜುಗಳು ಮಾಂಡೋವಿಯಲ್ಲಿ ಇಳಿದು ಮುರ್ಮುಗಾವ್ ಬಂದರಿಗೆ ಹೋಗುತ್ತವೆ. ನಮ್ಮ ಲೆಕ್ಕ ಪತ್ರವೆಲ್ಲ ಅದರದೇ. ಹಾಗಾಗಿ ಆ ನದಿಯನ್ನು ಎಲ್ಲ ಹೊತ್ತಿನಲ್ಲೂ ನೋಡಿದ್ದೇನೆ.

ಮೊದಲು ಹೊತ್ತಿನ ಮಾತು. ಎಲ್ಲಕ್ಕಿಂತ ಮುಖ್ಯ ಅದೇ. ಬೋಟುಗಳು ಬಿಡುವುದು ಸಾಂತಾ ಮೋನಿಕಾ ಜೆಟ್ಟಿಯಿಂದ, ಮಾಂಡೋವಿ ಸೇತುವೆಯ ಬುಡದಲ್ಲೇ. ಸುತ್ತು ಒಂದು ತಾಸಿನದು. ಮೊದಲನೆಯದು ಸಂಜೆ 6ರ ಸುಮಾರಿಗೆ, ಮುಂದಿನದು 7 ದಾಟಿದ ಮೇಲೆ. ಡಿಸೆಂಬರ್ ಮೊದಲ ವಾರ ಪಣಜಿಯಲ್ಲಿ ಸೂರ್ಯ ಮುಳುಗುವುದೂ 6 ದಾಟುತ್ತಿದ್ದಂತೆಯೇ. ಆಮೇಲೆ ಬೆಳಕು ಆರಲು ಇನ್ನೊಂದು 25 ನಿಮಿಷ ಬೇಕು. ಅಂದರೆ 6ರ ಬೋಟಿನಲ್ಲಿ ಕೂತರೆ ಹೋಗುವಾಗ ಕೆಂಪು ಆಕಾಶ, ವಾಪಸ್ ಬರುವಾಗ ಪೂರ್ತಿ ದೀಪ. ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ. ಇದೇ ಮೇ ತಿಂಗಳಾಗಿದ್ದರೆ ಎರಡನೆಯ ಬೋಟೇ ಹಿಡಿಯಿರಿ ಅನ್ನುತ್ತಿದ್ದೆ. ಆಗ ಸೂರ್ಯ ಮುಳುಗುವುದು 7ರ ಹತ್ತಿರ, 6ರ ಬೋಟಿನಲ್ಲಿ ಒಂದು ದೀಪವೂ ಕಾಣುವುದಿಲ್ಲ.

ಇದಕ್ಕೊಂದು ಸುಲಭದ ಲೆಕ್ಕ ಇದೆ. ಕೊಪ್ಪಳ, ಪಣಜಿ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಪಣಜಿ ಪಡುವಣಕ್ಕೆ ಇರುವುದರಿಂದ ಅಲ್ಲಿ ಸೂರ್ಯ ನಮಗಿಂತ ಸುಮಾರು 9 ನಿಮಿಷ ತಡವಾಗಿ ಮುಳುಗುತ್ತಾನೆ. ಮನೆಯ ಗೋಡೆಯ ಪಂಚಾಂಗದಲ್ಲಿ ನಮ್ಮೂರಿನ ಸೂರ್ಯಾಸ್ತ ನೋಡಿಕೊಂಡು 9 ನಿಮಿಷ ಸೇರಿಸಿ. ಆ ಗಳಿಗೆಗೆ ನೀವು ನೀರಿನ ಮೇಲಿರಬೇಕು, ಅಷ್ಟೇ.

ಇನ್ನು ಕೂರುವ ಜಾಗ. ಮೇಲಿನ ಡೆಕ್ಕಿನಲ್ಲಿ ಸ್ಟೇಜು ಇರುತ್ತದೆ. ಕುರ್ಚಿಗಳೆಲ್ಲ ಸ್ಟೇಜಿನ ಕಡೆ ಮುಖ ಮಾಡಿರುತ್ತವೆ. ಹತ್ತಿದವರೆಲ್ಲ ಮುಂದಿನ ಸಾಲಿಗೆ ಓಡುತ್ತಾರೆ. ನೀವು ಹಾಗೆ ಮಾಡಬೇಡಿ. ಕಟಕಟೆಯ ಪಕ್ಕದ ಕುರ್ಚಿ ಹಿಡಿಯಿರಿ. ಬೋಟು ಪಡುವಣಕ್ಕೆ ಹೋಗುತ್ತದೆ, ಹಾಗಾಗಿ ಹೋಗುವಾಗ ಪಣಜಿ ಎಡಕ್ಕೆ, ಬರುವಾಗ ಬಲಕ್ಕೆ. ನಿಮಗೆ ದೀಪ ಬೇಕಾಗಿರುವುದು ಬರುವಾಗ. ಅದಕ್ಕೇ ಬಲಗಡೆ ಕೂತುಕೊಳ್ಳಿ. ಹೋಗುವಾಗ ಅದೇ ಬಲಗಡೆಯಿಂದ ಎದುರು ದಡದ ಬೇತಿಂ, ವೆರೆಂ ಕಾಣುತ್ತವೆ. ಆಮೇಲೆ ನೀರಿಗೆ ಅಂಟಿಕೊಂಡೇ ನಿಂತಿರುವ ರೈಸ್ ಮಾಗೋಸ್ ಕೋಟೆ.

ನನಗೆ ಬಹಳ ಇಷ್ಟವಾದ ಗಳಿಗೆ ಬೋಟು ತಿರುಗುವಾಗಿನದು. ಮುಂದೆ ಸಮುದ್ರದ ಬಾಯಿ, ಅಗುವಾದದ ಗುಡ್ಡ. ಬೋಟು ನಿಧಾನಕ್ಕೆ ಮಗ್ಗುಲಾಗುತ್ತದೆ. ಇಂಜಿನ್ ಸದ್ದು ಒಂದು ಕ್ಷಣ ಬದಲಾಗುತ್ತದೆ, ಕಾಲ ಕೆಳಗೆ ಹಲಗೆ ಸಣ್ಣಗೆ ನಡುಗುತ್ತದೆ. ತಿರುಗಿ ಮುಗಿಯುವಷ್ಟರಲ್ಲಿ ಎದುರಿಗೆ ಊರು ಇಡಿಯಾಗಿ ಬಂದಿರುತ್ತದೆ. ದಡದ ಬೀದಿದೀಪಗಳ ಉದ್ದನೆಯ ಸಾಲು, ಲಂಗರು ಹಾಕಿದ ಕ್ಯಾಸಿನೋ ಹಡಗುಗಳು, ಎಲ್ಲದರ ಹಿಂದೆ ಅಟಲ್ ಸೇತು. 2019ರಲ್ಲಿ ಶುರುವಾದ ಸೇತುವೆ ಅದು, ಉದ್ದ 5.1 ಕಿಲೋಮೀಟರು. ನಡುವಿನ ಕಂಬಗಳಿಂದ ಎರಡೂ ಕಡೆ ಕೇಬಲ್ ಎಳೆದಿದ್ದಾರೆ. ಹಳೆಯ ಎರಡು ಸೇತುವೆಗಳಿಗಿಂತ ಎತ್ತರದಲ್ಲಿ ಅವುಗಳ ನಡುವೆಯೇ ಹಾದುಹೋಗುತ್ತದೆ. ಕ್ಯಾಸಿನೋದ ಬೋರ್ಡು ಬಣ್ಣ ಬದಲಿಸಿದಾಗಲೆಲ್ಲ ಬೋಟಿನ ಪಕ್ಕದ ನೀರೂ ಬಣ್ಣ ಬದಲಿಸುತ್ತದೆ. ನೀಲಿ ಇದ್ದದ್ದು ಕೆಂಪು, ಕೆಂಪು ಇದ್ದದ್ದು ಹಸಿರು. ಅವ್ವನಿಗೆ ಅದನ್ನು ತೋರಿಸಿ.

ಹತ್ತಲು ಜೆಟ್ಟಿಯಿಂದ ಬೋಟಿಗೆ ಹಲಗೆ ಹಾಕಿರುತ್ತಾರೆ. ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆದಿರುತ್ತದೆ. ನೀರು ಇಳಿದಿದ್ದರೆ ಹಲಗೆ ಇಳಿಜಾರಾಗುತ್ತದೆ, ಏರಿದ್ದರೆ ಸಪಾಟು. ಸಿಬ್ಬಂದಿಗೆ ಹೇಳಿದರೆ ಕೈ ಹಿಡಿದು ಹತ್ತಿಸುತ್ತಾರೆ. ಮೇಲಿನ ಡೆಕ್ಕಿಗೆ ಮೆಟ್ಟಿಲು ಕಡಿದಾಗಿದೆ. ಅವ್ವ ಅವಸರ ಮಾಡದಂತೆ ನೋಡಿಕೊಳ್ಳಿ, ಇಳಿಯುವಾಗ ಎಲ್ಲರೂ ಹೋದ ಮೇಲೆ ಇಳಿಯಿರಿ.

ಊಟದ ಬೋಟು ಬೇಡ ಅಕ್ಕಾ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಅರ್ಧ ದಾರಿ ಅಲ್ಲೇ ಮುಗಿಯುತ್ತದೆ. ದಡಕ್ಕೆ ಬಂದು ಊಟ ಮಾಡಿ.

ಲಿಂಗಸುಗೂರು ಹಟ್ಟಿ

ಡಿಜೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾವು ಹೋಗಿದ್ದ ಖಾಸಗಿ ಬೋಟಿನಲ್ಲಿ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿ ಕೂತ ಹೆಂಡತಿಯ ಮಾತು ಕೇಳುತ್ತಿರಲಿಲ್ಲ. ಸ್ಟೇಜಿನ ಲೈಟು ಗಿರಗಿರ ತಿರುಗಿ ಕಣ್ಣಿಗೇ ಹೊಡೆಯುತ್ತಿತ್ತು. ಸೀಟು ಸ್ಟೇಜಿನ ಮುಂದೆ ಕೊಟ್ಟಿದ್ದರು, ಏಳಲು ಬಿಡಲಿಲ್ಲ. ಒಂದು ತಾಸು ನದಿ ಮೇಲಿದ್ದೂ ನದಿ ನೋಡಲಿಲ್ಲ. ದುಡ್ಡು ಹೋದದ್ದಕ್ಕಿಂತ ಅದು ಬೇಜಾರು.

ಸಂಡೂರು ಕೆಂಪುಮಣ್ಣು

ಅಣ್ಣಾ, ನಿಮ್ಮ ಮಾತು ನಿಜ. ಆ ಜೆಟ್ಟಿಯಲ್ಲಿ ಸರ್ಕಾರಿ ಪ್ರವಾಸೋದ್ಯಮ ನಿಗಮದ ಬೋಟೂ ಇದೆ, ಖಾಸಗಿಯವೂ ಇವೆ. ಸರ್ಕಾರಿಯಲ್ಲಿ ಕೊಂಕಣಿ ಕುಣಿತಕ್ಕೆ ಜಾಗ ಜಾಸ್ತಿ. ಫುಗಡಿ, ದೇಖಣಿ, ಪೋರ್ಚುಗೀಸರ ಕಾಲದ ಜೋಡಿ ಕುಣಿತ ಇರುತ್ತವೆ. ಆ ಕುಣಿತ ನೋಡುವಂಥದ್ದೇ, ಅಸಡ್ಡೆ ಮಾಡಬೇಡಿ. ನಡುನಡುವೆ ಮಕ್ಕಳನ್ನೂ ಗಂಡ ಹೆಂಡತಿಯರನ್ನೂ ಸ್ಟೇಜಿಗೆ ಕರೆಯುತ್ತಾರೆ. ಅದು ಶುರುವಾದಾಗ ಅವ್ವನ ಕುರ್ಚಿ ಸ್ವಲ್ಪ ಹೊರಗೆ ತಿರುಗಿಸಿ. ಮಕ್ಕಳು ಕುಣಿಯಲಿ, ಅವ್ವ ನದಿ ನೋಡಲಿ.

ಸಿಂಧನೂರು ಮೇಷ್ಟ್ರು

ಲಿಂಗಸುಗೂರಿನವರ ಬೇಜಾರಿಗೆ ಕಾರಣ ಇದೆ. ಜೋರು ಬೆಳಕು ನೋಡಿದ ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20 ನಿಮಿಷಕ್ಕಿಂತ ಜಾಸ್ತಿ ಬೇಕು. ಸ್ಟೇಜಿನ ಲೈಟು ಪದೇ ಪದೇ ಬಡಿದರೆ ದಡದ ಸಣ್ಣ ದೀಪಗಳು ಕಾಣುವುದೇ ಇಲ್ಲ. ಕ್ಯಾಸಿನೋ ಬೋರ್ಡು ಮಾತ್ರ ಕಾಣುತ್ತದೆ. ಲೈಟಿಗೆ ಬೆನ್ನು ಮಾಡಿ ಕೂತರೆ ಎದುರು ದಡದ ಮನೆಗಳ ಕಿಟಕಿ ಕೂಡ ಕಾಣುತ್ತದೆ.

ಮಕ್ಕಳು ಕೇಳುತ್ತಾರೆ, ನೀರಲ್ಲಿ ದೀಪ ಯಾಕೆ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ ಅಂತ. ಹೀಗೆ ಹೇಳಿ: ನೀರು ಅಲ್ಲಾಡದಿದ್ದರೆ ದೀಪದ ಬಿಂಬ ಒಂದೇ ಚುಕ್ಕೆ. ಸಣ್ಣ ಅಲೆ ಇದ್ದರೆ ಪ್ರತಿ ಅಲೆಯ ಓರೆಯೂ ಪುಟ್ಟ ಕನ್ನಡಿ. ದೀಪದಿಂದ ನಮ್ಮ ಕಣ್ಣಿನವರೆಗಿನ ಸಾಲಿನಲ್ಲಿರುವ ಅಲೆಗಳಲ್ಲಿ ಕೆಲವು ಸರಿಯಾಗಿ ಓರೆಯಾದಾಗ ಬೆಳಕನ್ನು ನಮ್ಮ ಕಡೆಗೇ ಕಳಿಸುತ್ತವೆ. ಅವೆಲ್ಲ ಸೇರಿ ಒಂದು ಪಟ್ಟಿ. ಅದಕ್ಕೇ ಪ್ರತಿ ದೀಪದ ಪಟ್ಟಿಯೂ ನೋಡುವವರ ಕಡೆಗೇ ಬರುತ್ತದೆ. ಅಣ್ಣನಿಗೊಂದು, ತಂಗಿಗೊಂದು, ಅಜ್ಜಿಗೊಂದು.

ಫೋಟೋಕ್ಕೆ ಒಂದು ಮಾತು. ಫೋನಿನ ನೈಟ್ ಮೋಡ್ ಕೆಲವು ಸೆಕೆಂಡು ಬೆಳಕು ಕೂಡಿಸಿಕೊಳ್ಳುತ್ತದೆ. ಬೋಟು ಚಲಿಸುತ್ತಿರುತ್ತದೆ, ಹಾಗಾಗಿ ಚಿತ್ರ ಕಲಸಿಹೋಗುತ್ತದೆ. ಸೂರ್ಯ ಮುಳುಗಿದ ಮೇಲಿನ ಅರ್ಧ ತಾಸಿನೊಳಗೆ, ಆಕಾಶ ಇನ್ನೂ ನೀಲಿ ಇರುವಾಗ, ಮಾಮೂಲಿ ಮೋಡಿನಲ್ಲೇ ತೆಗೆಯಿರಿ. ಫ್ಲಾಶ್ ಬೇಡವೇ ಬೇಡ.

ರಾಯಚೂರು ಕೋಟೆಬಾಗಿಲು

ಅಕ್ಕಾ, ಬೋಟಿನಿಂದ ಒಂದು ಕಟ್ಟಡ ಮರೆಯದೆ ನೋಡಿ. ಕ್ಯಾಸಿನೋ ಹಡಗುಗಳ ಹಿಂದೆ, ದಡದ ರಸ್ತೆಗೆ ಹೊಂದಿಕೊಂಡು, ಇಳಿಜಾರು ಹೆಂಚಿನ ಹಳೆಯ ಕಟ್ಟಡ. ಆದಿಲ್‌ಶಾಹನ ಅರಮನೆ. ವಿಜಾಪುರದ ಯೂಸುಫ್ ಆದಿಲ್ ಶಾಹ ಕಟ್ಟಿಸಿದ್ದು. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ ಪೋರ್ಚುಗೀಸರ ಪಾಲಾಯಿತು. 1759ರಿಂದ ಅವರ ವೈಸರಾಯರು ಅಲ್ಲೇ ಇದ್ದರು. ಆಮೇಲೆ ಬಹಳ ಕಾಲ ಗೋವಾದ ಸಚಿವಾಲಯ.

ನಮ್ಮ ಕಡೆಯವರಿಗೆ ಇದು ಹೊರಗಿನ ಕಥೆ ಅಲ್ಲ. ಅದೇ ಆದಿಲ್‌ಶಾಹಿಯ ಕೈಯಿಂದಲೇ 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಕಿತ್ತುಕೊಂಡದ್ದು. ಆ ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದೆ ಫಿಗೆರೇದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ರಾಯನ ಕಡೆ ನಿಂತಿದ್ದರು. ವಿಜಯನಗರಕ್ಕೆ ಬೇಕಾದ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದೂ ಗೋವಾದಲ್ಲೇ. ರಾಯಚೂರಿನಲ್ಲಿ ಕೋಟೆಯ ಬಾಗಿಲ ಮುಂದೆ ದಿನಾ ಓಡಾಡುವ ನನಗೆ, ಆ ಬೋಟಿನಿಂದ ಆ ಅರಮನೆ ನೋಡಿದಾಗ ಮೈ ಜುಮ್ಮೆಂದಿತು. ಬೋಟಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನೀವೇ ಮಕ್ಕಳಿಗೆ ಹೇಳಬೇಕು.

ಮತ್ತೆ ಆ ನೀರೂ ನಮ್ಮ ಕಡೆಯಿಂದಲೇ ಬಂದದ್ದು. ಮಾಂಡೋವಿ ಅಂದರೆ ಮಹದಾಯಿ, ಹುಟ್ಟುವುದು ಖಾನಾಪುರ ತಾಲ್ಲೂಕಿನಲ್ಲಿ. ಅದರ ಜಗಳ ಇಲ್ಲಿ ಬೇಡ, ನೀರನ್ನು ನೋಡುವಾಗ ಮನಸ್ಸಿನಲ್ಲಿದ್ದರೆ ಸಾಕು.

ಕುಷ್ಟಗಿ ಜೋಳ

ಒಂದು ಮಾತು ಹೇಳಲೇಬೇಕು. ನೀವೆಲ್ಲ ಹೊಗಳುತ್ತಿರುವ ಆ ಬೆಳಕಿನಲ್ಲಿ ದೊಡ್ಡ ಪಾಲು ಜೂಜಿನ ಹಡಗುಗಳದು. ಎಷ್ಟೋ ಮನೆ ಹಾಳಾಗಿವೆ. ನಮ್ಮ ಸಂಬಂಧಿಕರೊಬ್ಬರು ವರ್ಷದ ಬೆಳೆಯ ದುಡ್ಡು ಅಲ್ಲಿ ಕಳೆದು ಬಂದರು. ಆ ಬಣ್ಣ ನೋಡಿ ಮಕ್ಕಳು ಚಪ್ಪಾಳೆ ತಟ್ಟುವುದು ನನಗೆ ಹಿಡಿಸುವುದಿಲ್ಲ.

ಸಂಡೂರು ಕೆಂಪುಮಣ್ಣು

ತಪ್ಪು ಅನ್ನುವುದಿಲ್ಲ ಅಣ್ಣಾ. ಪಣಜಿಯವರಲ್ಲೇ ಬಹಳ ಜನ ಆ ಹಡಗುಗಳು ನದಿ ಬಿಟ್ಟು ಹೋಗಲಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದಾರೆ. ಅವು ಇಲ್ಲದಿದ್ದರೂ ಆ ಊರು ರಾತ್ರಿ ಚೆಂದವೇ. ಕಾಂಪಾಲ್ ಕಡೆಯ ದಡದ ಮರಗಳು, ಹಳೆ ಮನೆಗಳು, ಸೇತುವೆ ಸಾಕು. ಕ್ಯಾಸಿನೋ ಬೇಡ ಅನ್ನುವವರು ಬೇತಿಂ ಫೆರಿ ಹತ್ತಲಿ. ಊರಿನವರು ದಿನಾ ಓಡಾಡುವ ಸರ್ಕಾರಿ ಫೆರಿ, ನಡೆದು ಹತ್ತುವವರಿಗೆ ದುಡ್ಡಿಲ್ಲ. ಪಣಜಿಯಿಂದ ಎದುರು ದಡಕ್ಕೆ ಕೆಲವೇ ನಿಮಿಷ. ಮೀನಿನ ಬುಟ್ಟಿ, ಸ್ಕೂಟರು, ಕೆಲಸ ಮುಗಿಸಿ ಮನೆಗೆ ಹೊರಟವರು. ಕತ್ತಲಾಗುವ ಹೊತ್ತಿಗೆ ಹೋಗಿ ವಾಪಸ್ ಬಂದರೆ ಅದೇ ನದಿ, ಅದೇ ದೀಪ, ಯಾವ ಮೈಕೂ ಇಲ್ಲ. ಆದರೆ ಕೂರಲು ಜಾಗ ಕಮ್ಮಿ, ಅವ್ವನಿಗೆ ನಿಲ್ಲಲು ಕಷ್ಟವಾದೀತು.

ತೋರಣಗಲ್ಲು ಸ್ಟೀಲು

ಫೆರಿ ಮಾತು ಬಂತಲ್ಲ, ನನ್ನದೂ ಒಂದು ಸೇರಿಸುತ್ತೇನೆ. ಇದೇ ರೈಲು ಇನ್ನೊಂದು ಕಡೆ ಹೌರಾಕ್ಕೆ ಹೋಗುತ್ತದೆ ನೋಡಿ. ನಮ್ಮ ಜೊತೆ ಕೆಲಸ ಮಾಡುವ ಬಂಗಾಳದವರು ಅದರಲ್ಲೇ ಊರಿಗೆ ಹೋಗುವುದು. ಅವರ ಜೊತೆ ಒಮ್ಮೆ ಹೋದಾಗ ತಿಳಿಯಿತು, ಹೌರಾ ಸ್ಟೇಷನ್ನಿನಿಂದ ಹೊರಗೆ ಬಂದರೆ ರಸ್ತೆಯಾಚೆಗೇ ಹೂಗ್ಲಿ ನದಿ, ಅಲ್ಲೇ ಫೆರಿ ಘಾಟು. ಕೆಲವೇ ರೂಪಾಯಿಯ ಟಿಕೆಟ್ಟು. ಸಂಜೆ ಬಾಬುಘಾಟಿನ ಕಡೆ ಹೋಗುವ ಫೆರಿ ಹತ್ತಿದರೆ ಹಿಂದೆ ಹೌರಾ ಸೇತುವೆ ಇಡೀ ಬೆಳಗುತ್ತಿರುತ್ತದೆ. 1943ರ ಸೇತುವೆ ಅದು, 2020ರಲ್ಲಿ ಹೊಸ ದೀಪ ಹಾಕಿದ್ದಾರೆ. ನದಿಯ ನಡುವೆ ಒಂದೂ ಕಂಬ ಇಲ್ಲ, ಅಷ್ಟು ಉಕ್ಕು ಗಾಳಿಯಲ್ಲೇ ನಿಂತಿದೆ. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಅದರಿಂದ ಕಣ್ಣು ಕೀಳಲು ಆಗುವುದಿಲ್ಲ. ನಮ್ಮ ಬಳ್ಳಾರಿ, ಕೊಪ್ಪಳದವರಿಗೆ ಒಂದೇ ರೈಲು, ಪಡುವಣಕ್ಕೆ ಹೋದರೂ ಮೂಡಣಕ್ಕೆ ಹೋದರೂ ದೀಪದ ನದಿ. ಇದು ಬಹಳ ಜನಕ್ಕೆ ಹೊಳೆದೇ ಇಲ್ಲ.

ಗಂಗಾವತಿ ಸೋನಾ

ಮಗ ಸಿಂಗಾಪುರದಲ್ಲಿದ್ದಾನೆ, ಅಲ್ಲಿಯದು ನೋಡಿದ್ದೇನೆ. ಹಿಂದೆ ಸರಕು ಸಾಗಿಸುತ್ತಿದ್ದ ಮರದ ದೋಣಿಗಳ ಮಾದರಿಯಲ್ಲೇ ಪ್ರವಾಸಿಗಳ ಬೋಟು. ಸುಮಾರು 40 ನಿಮಿಷದ ಸುತ್ತು. ಕ್ಲಾರ್ಕ್ ಕೀಯಿಂದ ಹೊರಟು ಸಣ್ಣ ಸಣ್ಣ ಸೇತುವೆಗಳ ಕೆಳಗೆ ನುಸುಳಿ ಮರೀನಾ ಬೇಗೆ ಬರುತ್ತದೆ. ಸೇತುವೆ ತಲೆಯ ಮೇಲೇ ಹಾದುಹೋಗುತ್ತದೆ, ಮುಂದೆ ಏಕಾಏಕಿ ಆಕಾಶಮುಟ್ಟುವ ಕಟ್ಟಡಗಳು. ಬೋಟಿನೊಳಗೆ ದೀಪ ಬಹಳ ಕಮ್ಮಿ, ಅದೇ ಅದರ ಸೊಗಸು. ಆ ನದಿ ಒಂದು ಕಾಲಕ್ಕೆ ನಾರುತ್ತಿತ್ತಂತೆ. 1977ರಿಂದ 1987ರವರೆಗೆ ಹತ್ತು ವರ್ಷ ಹಿಡಿದು ತೊಳೆದಿದ್ದಾರೆ. ನಮ್ಮ ಗಂಗಾವತಿಯ ಹಳ್ಳಗಳನ್ನು ನೆನೆಸಿಕೊಂಡೆ.

ಬಳ್ಳಾರಿ ಮಿರ್ಚಿ

ಎಲ್ಲ ಓದಿ ಒಂದೇ ಪ್ರಶ್ನೆ. ನಮ್ಮ ತುಂಗಭದ್ರೆಯಲ್ಲಿ ಯಾಕೆ ಇಂಥದ್ದಿಲ್ಲ? ಡ್ಯಾಮಿಗೆ ದೀಪ ಹಾಕಿದಾಗ ಎಷ್ಟು ಚೆಂದ ಕಾಣುತ್ತದೆ!

ಮುನಿರಾಬಾದ್ ಎಡದಂಡೆ

ನಾನು ಡ್ಯಾಮಿನ ಪಕ್ಕದಲ್ಲೇ ಬೆಳೆದವನು ತಮ್ಮಾ, ನನಗೂ ಆಸೆ ಇದೆ. ಆದರೆ ಒಂದು ವಿಷಯ ಗಮನಿಸು. ಇವರೆಲ್ಲ ಹೇಳಿದ ನದಿಗಳಲ್ಲಿ ಊರಿನ ನಡುವೆ ವರ್ಷವಿಡೀ ನೀರು ನಿಂತಿರುತ್ತದೆ. ಮಾಂಡೋವಿ, ಹೂಗ್ಲಿ ಎರಡೂ ಸಮುದ್ರದ ಉಬ್ಬರ ಇಳಿತ ತಲುಪುವ ನೀರು. ಸಿಂಗಾಪುರದವರು 2008ರಲ್ಲಿ ಬಾಯಿಗೆ ಬ್ಯಾರೇಜು ಕಟ್ಟಿ ತಡೆದಿದ್ದಾರೆ. ಅಹಮದಾಬಾದಿನ ಸಾಬರಮತಿಯಲ್ಲಿ ಈಗ ಬೋಟು ಓಡುತ್ತದೆ, ಆ ನೀರು ನರ್ಮದಾ ಕಾಲುವೆಯಿಂದ ತಂದು ವಾಸ್ನಾ ಬ್ಯಾರೇಜಿನಲ್ಲಿ ಹಿಡಿದದ್ದು.

ನಮ್ಮ ಹೊಳೆ ಹಾಗಲ್ಲ. ಡ್ಯಾಮಿನ ಕೆಳಗೆ ಬರೀ ಬಂಡೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಗೇಟು ತೆಗೆದರೆ ಒಂದೇ ಏಟಿಗೆ ಹುಚ್ಚುಹೊಳೆ. ದೊಡ್ಡ ಬೋಟಿನ ತಳ ಆ ಬಂಡೆಗೆ ತಾಗಿದರೆ ಮುಗಿಯಿತು. ಹರಿಗೋಲು ನಮ್ಮಲ್ಲಿ ಉಳಿದದ್ದು ಅದಕ್ಕೇ. ಬಿದಿರು ಹೆಣೆದು ಮಾಡಿದ್ದು, ಒಂದು ಗೇಣು ನೀರಲ್ಲೂ ತೇಲುತ್ತದೆ, ಬಂಡೆಗೆ ಬಡಿದರೆ ಬಳುಕಿ ಪಕ್ಕಕ್ಕೆ ಸರಿಯುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪಾಯಿಸ್ ಆನೆಗೊಂದಿಗೆ ದಾಟುವ ಈ ದುಂಡನೆಯ ದೋಣಿ ನೋಡಿ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು.

ಇನ್ನು ಡ್ಯಾಮಿನ ಹಿನ್ನೀರು. ಅಲ್ಲಿ ಆಳ ಇದೆ. ಆದರೆ ಮಳೆಗಾಲದಲ್ಲಿ ತುಂಬಿದ ದಡ ಬೇಸಿಗೆಗೆ ಬಹಳ ದೂರ ಸರಿಯುತ್ತದೆ, ಜೆಟ್ಟಿ ಎಲ್ಲಿ ಕಟ್ಟುತ್ತಿ? ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದ ರಾತ್ರಿ ನಾವ್ಯಾರೂ ಮಲಗಲಿಲ್ಲ. ನನ್ನ ಮಟ್ಟಿಗೆ ಮೊದಲು ಗೇಟು ಗಟ್ಟಿಯಾಗಲಿ, ಹೂಳಿಗೆ ದಾರಿಯಾಗಲಿ. ದೀಪದ ಬೋಟು ಆಮೇಲೆ.

ರಾಯಚೂರು ಕೋಟೆಬಾಗಿಲು

ನೂರಕ್ಕೆ ನೂರು ನಿಜ. ಮತ್ತೆ ಹಂಪಿ, ಆನೆಗೊಂದಿಯ ಹೊಳೆಗೆ ಬಣ್ಣದ ದೀಪ ಬೇಡ ಅನ್ನುವವನು ನಾನು. ಅಲ್ಲಿ ಬೆಳದಿಂಗಳಿಗೆ ಬಂಡೆ ಬೆಳ್ಳಗಾಗುವುದನ್ನು ನೋಡಬೇಕು. ದೀಪ ನೋಡಬೇಕೆನಿಸಿದರೆ ರಾತ್ರಿ ರೈಲಿನಲ್ಲಿ ರಾಯಚೂರಿನಿಂದ ವಾಡಿ ಕಡೆ ಹೋಗುವಾಗ ಕೃಷ್ಣೆಯ ಸೇತುವೆ ಮೇಲೆ ಕಿಟಕಿ ತೆಗೆಯಿರಿ. ಶಕ್ತಿನಗರದ ಥರ್ಮಲ್ ದೀಪಗಳು ಕಾಣುತ್ತವೆ.

ಬಳ್ಳಾರಿ ಮಿರ್ಚಿ

ಒಪ್ಪಿದೆ ಅಣ್ಣಾ. ಬಂಡೆಯ ಮಾತು ನನಗೆ ಹೊಳೆದಿರಲಿಲ್ಲ. ಆದರೂ ಸಾಣಾಪುರದ ಕೆರೆಯಲ್ಲಿ ಸಂಜೆ ಹರಿಗೋಲು ಹತ್ತಿದರೆ ಯಾವ ಊರಿನ ಬೋಟಿಗೂ ಕಮ್ಮಿ ಇಲ್ಲ.

ಮುನಿರಾಬಾದ್ ಎಡದಂಡೆ

ಹತ್ತು, ಆದರೆ ಸೂರ್ಯ ಮುಳುಗುವ ಮೊದಲೇ ಇಳಿ. ಲೈಫ್ ಜಾಕೆಟ್ ಕೇಳಿ ಹಾಕಿಕೋ. ಕತ್ತಲಲ್ಲಿ ಹರಿಗೋಲು ಬೇಡವೇ ಬೇಡ.

ಕಿನ್ನಾಳ ಗೊಂಬೆ, ಕೊಪ್ಪಳ

ಅಬ್ಬಾ, ಇಷ್ಟೆಲ್ಲ ಬರೆದಿದ್ದೀರಿ! ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಹರಿಗೋಲಿನ ಮಾತು ಬಂದಾಗ ಇನ್ನೊಂದು ಸಲ ಓದು ಅಂದಳು. 6ರ ಬೋಟು, ಬಲಗಡೆಯ ಕುರ್ಚಿ, ಊಟ ದಡದ ಮೇಲೆ. ಮಕ್ಕಳನ್ನು ಮರುದಿನ ಅವರಪ್ಪ ಬೇತಿಂ ಫೆರಿಗೆ ಕರೆದುಕೊಂಡು ಹೋಗುತ್ತಾರೆ. ಕುಷ್ಟಗಿ ಅಣ್ಣನ ಮಾತೂ ಮನಸ್ಸಿಗೆ ತಟ್ಟಿತು. ದೊಡ್ಡ ಮಗನಿಗೆ ಆ ಹಡಗು ಏನೆಂದು ಬಿಡಿಸಿ ಹೇಳುತ್ತೇನೆ.

ಇನ್ನೊಂದೇ ಪ್ರಶ್ನೆ. ರೈಲು ಎಲ್ಲಿ ಇಳಿಯಬೇಕು? ಬೋಟಿನ ಟಿಕೆಟ್ ಮೊದಲೇ ಮಾಡಿಸಬೇಕಾ?

ತೋರಣಗಲ್ಲು ಸ್ಟೀಲು

ಮಡಗಾಂವ್‌ನಲ್ಲಿ ಇಳಿಯಿರಿ ಅಕ್ಕಾ. ಅಲ್ಲಿಂದ ಪಣಜಿಗೆ ಕದಂಬ ಬಸ್ಸುಗಳಿವೆ. ನಿಮ್ಮ ಟಿಕೆಟ್ ಇನ್ನೊಮ್ಮೆ ನೋಡಿಕೊಳ್ಳಿ. ಅಮರಾವತಿ ಹೆಸರಲ್ಲಿ ಎರಡು ರೈಲಿವೆ. ನರಸಾಪುರದಿಂದ ಬರುವುದು ಹುಬ್ಬಳ್ಳಿಗೇ ಕೊನೆ. ನಿಮಗೆ ಬೇಕಾದದ್ದು ಹೌರಾದಿಂದ ವಾಸ್ಕೋಗೆ ಹೋಗುವುದು.

ಸಂಡೂರು ಕೆಂಪುಮಣ್ಣು

ಪಣಜಿಯ ಕದಂಬ ಬಸ್‌ಸ್ಟ್ಯಾಂಡಿನಿಂದ ಜೆಟ್ಟಿ ಹತ್ತಿರವೇ, ಅವ್ವನಿಗೆ ಮಾತ್ರ ಆಟೋ ಮಾಡಿ. ಶನಿವಾರ ಭಾನುವಾರ ಬಿಟ್ಟು ಹೋಗಿ, ಗದ್ದಲ ಅರ್ಧ ಕಮ್ಮಿ ಇರುತ್ತದೆ. ದಾರಿಯಲ್ಲಿ ಕೈಯಲ್ಲಿ ಚೀಟಿ ಹಿಡಿದು ಕೂಗುವವರ ಹತ್ತಿರ ಟಿಕೆಟ್ ತಗೊಳ್ಳಬೇಡಿ. ಜೆಟ್ಟಿಯ ಒಳಗೆ ಕೌಂಟರ್ ಇದೆ, 5 ಗಂಟೆಗೆ ಹೋದರೆ ಸಿಗುತ್ತದೆ. ಬೇಗ ಸಾಲಿನಲ್ಲಿ ನಿಂತರೆ ಬಲಗಡೆಯ ಕುರ್ಚಿಯೂ ನಿಮ್ಮದೇ.